ವೆಂಕಟರಮಣಪ್ಪ ಬರೆಯದ ಅರ್ಧ

ದೊಡ್ಡಬಳ್ಳಾಪುರದಲ್ಲಿ ಸೀರೆಯ ಸೆರಗಿಗೆ ಕೈಯಿಂದ ಗ್ರಾಫ್ ಬರೆಯುವವರು ಈಗ ಕೆಲವರೇ. ನನ್ನ ಹಳೆಯ ವಿದ್ಯಾರ್ಥಿ ವೆಂಕಟರಮಣಪ್ಪ ಅವರಲ್ಲೊಬ್ಬ. ಚೌಕಳಿ ಕಾಗದದಲ್ಲಿ ಒಂದೊಂದು ಎಳೆಗೂ ಒಂದೊಂದು ಮನೆ ತುಂಬಬೇಕು. ಅದನ್ನು ನೋಡಿಯೇ ಮಗ್ಗದ ರಟ್ಟುಗಳಿಗೆ ತೂತು ಹೊಡೆಯುತ್ತಾರೆ. ನಲವತ್ತು ವರ್ಷ ಬಗ್ಗಿ ಬರೆದು ಅವನ ಕತ್ತು ನೆಟ್ಟಗಾಗುವುದಿಲ್ಲ. ಕಣ್ಣಿನ ವೈದ್ಯರು ಹೋದ ವರ್ಷವೇ ಸಾಕು ಮಾಡಿ ಎಂದಿದ್ದರು.

ಕೊನೆಯದೆಂದು ಒಪ್ಪಿಕೊಂಡದ್ದು ಗೋಡೆಗೆ ತೂಗುಹಾಕುವ ಬಟ್ಟೆ. ಬೆಂಗಳೂರಿನ ಗಿರಾಕಿಯೊಬ್ಬರು ಮನಿಲಾದಲ್ಲಿ, ಫಿಲಿಪ್ಪೀನ್ಸಿನ ಹುವಾನ್ ಲೂನಾ ಬರೆದ ‘ಸ್ಪೋಲಿಯೇರಿಯಂ’ ನೋಡಿ ಬಂದು, ಅದನ್ನೇ ನೇಯ್ದು ಕೊಡಿ ಎಂದಿದ್ದರು. ಹಿಂದಿನ ರೋಮಿನಲ್ಲಿ ಜನರ ಮೋಜಿಗಾಗಿ ಕಾದಾಡಿ ಸತ್ತವರನ್ನು ನೆಲದ ಮೇಲೆ ಎಳೆದೊಯ್ಯುವ ಚಿತ್ರ. ಎಡಗಡೆ ನೋಡಲು ನುಗ್ಗಿದ ಜನ. ಬಲಗಡೆ ಕುಸಿದು ಕುಳಿತ ಹೆಂಗಸು.

ಬಲಭಾಗ ಬರೆಯಲು ಎರಡು ತಿಂಗಳು ಹಿಡಿಯಿತು. ರಟ್ಟಿನ ಕೆಲಸ ಮುಂದುವರಿಯಲಿ ಎಂದು ಅಷ್ಟನ್ನೇ ಮಗ್ಗದ ಮಾಲೀಕ ಮನೋಹರನಿಗೆ ಕಳುಹಿಸಿದ. ಸೆರಗನ್ನು ಯಾರೂ ಪೂರ್ತಿ ಬರೆಯುವುದಿಲ್ಲ. ಅರ್ಧ ಬರೆದು, ಅಡಿಯಲ್ಲಿ ‘ಇನ್ನರ್ಧ ಮಗುಚಿ’ ಎಂದರೆ ಸಾಕು, ಮಿಕ್ಕದ್ದು ಕನ್ನಡಿಯಲ್ಲಿ ಕಂಡಂತೆ ನೇಯ್ದು ಬರುತ್ತದೆ. ದಣಿದ ಕೈ ರೂಢಿಯಂತೆ ಅದನ್ನೇ ಬರೆದುಬಿಟ್ಟಿತ್ತು. ಮನೋಹರ ಹಾಗೆಯೇ ನೇಯಿಸಿದ. ಎರಡೂ ಕಡೆ ಅಳುವ ಹೆಂಗಸು, ನಡುವೆ ಹೆಣ. ಜನವೇ ಇಲ್ಲ.

ನೇಯ್ದ ಬಟ್ಟೆಯ ಫೋಟೋ ನೋಡಿದ ಗಿರಾಕಿ ಇದೇ ಚೆನ್ನಾಗಿದೆ, ಹೀಗೇ ಇರಲಿ ಎಂದರಂತೆ.

“ಬದುಕ್ಕೊಂಡೆ ಬಿಡಣ್ಣ,” ಎಂದ ಮನೋಹರ. “ತಪ್ಪು ಮಾಡಿ ರಜ ತಗೊಂಡೋನು ನೀನೊಬ್ನೇ.”

ವೆಂಕಟರಮಣಪ್ಪನ ಹೆಂಡತಿ ಮುತ್ತಮ್ಮ ಆಗಲೇ ಬಣ್ಣದ ಡಬ್ಬಿಗಳನ್ನು ಅಟ್ಟಕ್ಕೆ ಸೇರಿಸಿದ್ದಳು. ನಾನು ಹೋದಾಗ ಅವನು ಕಣ್ಣಿನ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡು ಮಲಗಿದ್ದ. ಮೂಲ ಚಿತ್ರದ ಪ್ರತಿಯಲ್ಲಿ ನೋಡುವ ಜನ ಎಷ್ಟಿದ್ದಾರೆಂದು ಎಣಿಸಿ ಹೇಳಲು ನನ್ನನ್ನು ಕೇಳಿದ. ಎರಡು ಸಲ ಎಣಿಸಿದೆ, ಎರಡು ಸಲವೂ ಲೆಕ್ಕ ತಪ್ಪಿತು. ಅವನು ಕಣ್ಣಿನ ಮೇಲಿನ ಬಟ್ಟೆ ತೆಗೆದು ಎದ್ದು ಕುಳಿತ.

“ಇಬ್ರು ಅಳ್ತಾ ಕೂತವ್ರೆ ಮೇಷ್ಟ್ರೇ. ಯಾತಕ್ಕೆ ಅಂತ ಬಟ್ಟೆ ಹೇಳಲ್ಲ. ನಿಂತು ನೋಡ್ದೋರನ್ನ ನಾನು ಬಿಟ್ಬಿಟ್ಟಿದೀನಿ.”

“ಗಿರಾಕಿನೇ ಸಾಕು ಅಂದವ್ರೆ,” ಎಂದಳು ಮುತ್ತಮ್ಮ. “ನಿಮ್ಮ ಕಣ್ಣಿಗಿಂತ ಆ ಪಾಪಿಗಳು ಹೆಚ್ಚಾ?”

ಸಂಜೆ ಅವನೇ ಏಣಿ ಹಾಕಿ ಡಬ್ಬಿಗಳನ್ನು ಇಳಿಸಿಕೊಂಡ. ಎಡಭಾಗ ಬರೆಯಲು ಗಿರಾಕಿಯಲ್ಲಿ ಮೂರು ತಿಂಗಳ ಸಮಯ ಕೇಳಿಕೊಂಡ.

ಈಗ ದಿನಕ್ಕೆ ಒಂದು ಮುಖ, ಕೆಲವು ದಿನ ಅದೂ ಇಲ್ಲ. ನಿನ್ನೆ ಒಂಬತ್ತನೆಯದು ಮುಗಿಸಿ, ಕಿಟಕಿ ಮುಚ್ಚಿಸಿ ಮಲಗಿದ್ದ. ಮುತ್ತಮ್ಮ ಅವನೊಡನೆ ಮಾತು ಬಿಟ್ಟು ವಾರವಾಗಿತ್ತು. ಹಜಾರದಲ್ಲಿ ಕುಳಿತು, ಮರುದಿನಕ್ಕೆ ಬೇಕಾದ ಕೆಂಪು ಬಣ್ಣ ಕಲಸುತ್ತಿದ್ದಳು.