ಹಸಿದ ಕೌದಿ ಮಾರಲು ರಂಗವ್ವ ಒಪ್ಪುವುದಿಲ್ಲ

ಹುನಗುಂದದ ಈ ಓಣಿಗೆ ಇನ್ನೂ ಪೂರ್ತಿ ಬೆಳಕು ಬಂದಿಲ್ಲ. ರಂಗವ್ವ ಆಗಲೇ ಅಂಗಳದ ಹಾಸುಗಲ್ಲಿನ ಮೇಲೆ ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹರವಿ, ಅವು ಸರಿಯದಂತೆ ತಾವೇ ಮೇಲೆ ಕುಳಿತು, ಒಂದು ತುದಿಯಿಂದ ಹೊಲಿಗೆ ಹಾಕುತ್ತ ಬರುತ್ತಿದ್ದಾರೆ. ಬಿಸಿಲೇರಿದರೆ ಕಲ್ಲು ಕಾಯುತ್ತದೆ. ಸಂಜೆಯಾದರೆ ಕಣ್ಣು ಕೇಳುವುದಿಲ್ಲ. ಅವರ ಪಾಲಿನ ಒಳ್ಳೆಯ ಹೊತ್ತೆಂದರೆ ಇದೇ. ಇವರ ಬಗ್ಗೆ ಬರೆಯಲೆಂದು ಬಂದು, ಏನು ಕೇಳಬೇಕೆಂದು ತೋಚದೆ ಕುಳಿತ ನನ್ನ ಕೈಗೆ ಸೂಜಿ, ದಾರ ಕೊಡುತ್ತಾರೆ.

"ಪೋಣಿಸಿ ಕೊಡು ಯವ್ವಾ. ನೋಡ್ಕೋತ ಕುಂತ್ರ ಹೊಲಿಗಿ ಓಡೂದಿಲ್ಲ."

ಗೋಡೆ ಬದಿಯ ಹಗ್ಗದ ಮಂಚ, ಹೊರಸಿನ ಮೇಲೆ ಇನ್ನೊಂದು ಕೌದಿ ಮಡಿಸಿಟ್ಟಿದೆ. ಇಳಕಲ್ಲ ಸೀರೆಯ ಕೆಂಪು ಸೆರಗಿನ ತುಂಡುಗಳು, ನಡುನಡುವೆ ಗುಳೇದಗುಡ್ಡದ ಕುಪ್ಪಸದ ಖಣದ ಚೌಕಗಳು. ಮುಗಿದಂತೆಯೇ ಕಾಣುತ್ತದೆ. ಬಿಡಿಸಿ ನೋಡೋಣವೆಂದು ಕೈ ಚಾಚಿದರೆ ರಂಗವ್ವ ತಲೆ ಎತ್ತದೆಯೇ ತಡೆಯುತ್ತಾರೆ.

"ಅದನ್ನ ಎತ್ತಬ್ಯಾಡ. ಅದು ಹಸಕೊಂಡೈತಿ."

ಅವರ ಮನೆಯ ಪದ್ಧತಿ ಹೀಗಿದೆ. ಒಳಗಿನ ಸಾಲುಗಳೆಲ್ಲ ಮುಗಿದ ಮೇಲೆ ಸುತ್ತಲಿನ ಅಂಚು. ಅಂಚು ಹೊಲಿಯುತ್ತ ಬಂದು ನಾಲ್ಕನೆಯ ಮೂಲೆ ಮುಚ್ಚುವ ಮುನ್ನ ಅದರೊಳಗೆ ಒಣಗಿಸಿ ಗಟ್ಟಿಯಾದ ಕಟಿರೊಟ್ಟಿಯ ಒಂದು ಚೂರು ಇಡಬೇಕು. ಉಗುರಿನಷ್ಟು ಸಾಕು. ಹಾಗೆ ಇಟ್ಟರೆ ಕೌದಿಯ ಹೊಟ್ಟೆ ತುಂಬಿತು. ಮೊದಲ ಸಲ ಒಗೆದಾಗ ಆ ಚೂರು ನೀರಿನಲ್ಲಿ ಕರಗಿ ಹೋಗುತ್ತದೆ. "ಹೋಗ್ಲಿ ಬಿಡು, ಅಷ್ಟೊತ್ತಿಗೆ ಅದು ಉಂಡಿರ್ತೈತಿ. ಉಣ್ಣದ ಕೌದಿ ಹೊತ್ಕೊಂಡವರ ನಿದ್ದಿ ತಿಂತೈತಿ ಅಂತ ನಮ್ಮತ್ತಿ ಅಂತಿದ್ದಳು."

ಹೊರಸಿನ ಮೇಲಿನ ಕೌದಿಯ ನಾಲ್ಕನೆಯ ಮೂಲೆ ಹೋದ ವಾರದಿಂದ ಬಾಯಿ ತೆರೆದುಕೊಂಡೇ ಇದೆ. ಅದನ್ನು ಹೇಗೆ ಮುಚ್ಚಬೇಕು, ಮುಚ್ಚಿದ ಮೇಲೆ ಎಲ್ಲಿ ಮಾರಬೇಕು ಎಂಬುದು ಇನ್ನೂ ತೀರ್ಮಾನವಾಗಿಲ್ಲ.

ರಂಗವ್ವನಿಗೆ ಅರವತ್ತರ ಹತ್ತಿರ. ಗಂಡ ಹನಮಂತಪ್ಪ ವರ್ಷದ ಬಹುಪಾಲು ಕುರಿಗಳ ಹಿಂದೆ ಊರೂರು ಅಲೆಯುತ್ತಾರೆ. ಹೊಲದಲ್ಲಿ ರಾತ್ರಿ ಕುರಿ ತರುಬಿ ಬಯಲಿಗೇ ಮಲಗುವವರಿಗೆ ದಪ್ಪ ಕೌದಿ ಬೇಕು. ಅದಕ್ಕಾಗಿಯೇ ಅತ್ತೆ ಈ ಕೆಲಸ ಕಲಿಸಿದ್ದು. ಆಮೇಲೆ ರಂಗವ್ವ ಓಣಿಯ ಮನೆಮನೆಗೆ ಹೋಗಿ ಹೊಲಿದು ಕೊಟ್ಟರು. ಕೂಲಿಯೆಂದರೆ ಮಧ್ಯಾಹ್ನದ ಊಟ, ಒಂದಿಷ್ಟು ಜೋಳ. ಬರಬರುತ್ತ ಜನ ಅಂಗಡಿಯ ಮೆತ್ತನೆಯ ಚಾದರ ತಂದರು, ಹಳೆಯ ಸೀರೆ ಕೊಟ್ಟು ಸ್ಟೀಲಿನ ಬುಟ್ಟಿ ಕೊಂಡರು. ಕರೆಯುವವರು ಇಲ್ಲವಾದರು.

ನಾಲ್ಕು ವರ್ಷದ ಹಿಂದೆ ಸೊಸೆ ವಿದ್ಯಾ ಒಂದು ಕೌದಿಯ ಫೋಟೊ ತೆಗೆದು ಹರಾಜಿನ ದೊಡ್ಡ ಜಾಲತಾಣವೊಂದಕ್ಕೆ ಹಾಕಿದಳು. ಅಲ್ಲಿನ ರೀತಿ ಸರಳ. ಮೂಲ ಬೆಲೆ ಇಡಬೇಕು, ಏಳು ದಿನ ಕಾಯಬೇಕು, ಕೊನೆಗೆ ಯಾರ ಬೆಲೆಯ ಸವಾಲು ಮೇಲೋ ಅವರಿಗೆ ಮಾಲು. ಮೊದಲ ಕೌದಿ ಪುಣೆಗೆ ಹೋಯಿತು. ಎರಡನೆಯದು ಸಮುದ್ರ ದಾಟಿತು. ಕೊಳ್ಳುವ ಹೆಚ್ಚಿನವರಿಗೆ ಸಂಜೆಯಾದಾಗ ಇಲ್ಲಿ ನಸುಕು, ಹಾಗಾಗಿ ವಿದ್ಯಾ ಹರಾಜು ಮುಗಿಯುವ ಹೊತ್ತನ್ನು ಕೋಳಿ ಕೂಗುವ ಹೊತ್ತಿಗೇ ಇಡುತ್ತಾಳೆ.

"ಹತ್ತಿ ಲಿಲಾವು ನೋಡೇನಿ, ಕುರಿ ಲಿಲಾವು ನೋಡೇನಿ" ಎನ್ನುತ್ತಾರೆ ರಂಗವ್ವ. "ಒಬ್ಬರೂ ಒದರದ ಲಿಲಾವು ಇದ ಮೊದಲು. ಈಕಿ ಮೊಬೈಲ್ ಹಿಡ್ಕೊಂಡು ಉಸರ ಬಿಡದಂಗ ಕುಂತಿರ್ತಾಳ. ಆಮ್ಯಾಗ ಒಮ್ಮೆಲೆ 'ಅತ್ತೀ' ಅಂತ ಕೂಗತಾಳ. ನಾ ಏನ್ ಕೇಳ್ತೇನಿ ಹೇಳು? ಎಷ್ಟಕ್ಕ ಹೋತು ಅಂತ ಕೇಳೂದಿಲ್ಲ. ಯಾರ ಮನಿಗೆ ಹೋತು ಅಂತ ಕೇಳ್ತೇನಿ."

ತಿಂಗಳಿಗೆ ಮೂರು ಕೌದಿ. ಒಂದಕ್ಕೆ ಸಾವಿರಗಟ್ಟಲೆ ಹೊಲಿಗೆ. ಈಗ ಪಕ್ಕದ ಮನೆಯ ಇಬ್ಬರು ಹೆಂಗಸರೂ ಬಂದು ಕೂಡುತ್ತಾರೆ. ಕೌದಿಯ ದುಡ್ಡಿನಲ್ಲಿ ಬಚ್ಚಲಿಗೆ ಗೋಡೆ ಬಂತು, ವಿದ್ಯಾಳ ಬಿ.ಎಡ್. ಶುಲ್ಕ ತುಂಬಿತು. ಮಂಡಿ ಮಡಚಲು ಬಾರದೆ ರಂಗವ್ವ ಒಂದು ಕಾಲು ಚಾಚಿಯೇ ಕೂರುತ್ತಾರೆ. ಎಡಗೈಯ ತೋರುಬೆರಳಿನ ತುದಿ ಸೂಜಿ ಚುಚ್ಚಿ ಚುಚ್ಚಿ ಒರಟಾಗಿದೆ. ಬೆರಳಿಗೆ ಹಾಕಿಕೊಳ್ಳಲು ಸೊಸೆ ತಂದುಕೊಟ್ಟ ಟೋಪಿ ಗೂಟಕ್ಕೆ ನೇತಾಡುತ್ತಿದೆ. "ಅದನ್ನ ಹಾಕ್ಕೊಂಡ್ರ ಕಣ್ಣಿಲ್ಲದ ಕುಡ್ಡಿ ಆದಂಗ ಆಗತೈತಿ."

ತೊಂದರೆ ಶುರುವಾದದ್ದು ಒಂದು ನಾಯಿಯಿಂದ. ಚಳಿನಾಡಿನ ಒಬ್ಬ ಹೆಂಗಸು ಕೌದಿ ಕೊಂಡಳು. ಅವಳ ನಾಯಿ ಮೂಸಿ ಮೂಸಿ ನಾಲ್ಕನೆಯ ಮೂಲೆಯನ್ನೇ ಹರಿದು ಹಾಕಿತು. ಒಳಗೆ ಸಿಕ್ಕ ರೊಟ್ಟಿಯ ಚೂರಿನ ಫೋಟೊ ತೆಗೆದು, 'ಹೊದಿಕೆಯಲ್ಲಿ ಆಹಾರದ ಕಸ' ಎಂದು ಆಕೆ ತಾಣಕ್ಕೆ ದೂರು ಕೊಟ್ಟಳು. ವಿದ್ಯಾ ಹೆದರುತ್ತ ಆ ಫೋಟೊ ತೋರಿಸಿದಾಗ ಅತ್ತೆ ಕಣ್ಣು ಕಿರಿದು ಮಾಡಿ ನೋಡಿದರಂತೆ.

"ನಾಯಿಗರೆ ಗೊತ್ತಾತಲ್ಲ!"

ತಾಣದವರಿಗೆ ಇದರಲ್ಲಿ ನಗು ಕಾಣಲಿಲ್ಲ. ಕೌದಿಯ ದುಡ್ಡು ಮರಳಿಸಿದರು, ಎಚ್ಚರಿಕೆ ಕಳಿಸಿದರು. ಇನ್ನು ಮುಂದೆ ಪ್ರತಿ ಕೌದಿಗೂ 'ಇದರಲ್ಲಿ ಯಾವ ಆಹಾರ ಪದಾರ್ಥವೂ ಇಲ್ಲ' ಎಂಬ ಸಾಲಿನ ಮುಂದೆ ಗುರುತು ಹಾಕಬೇಕು. ಹಾಕದಿದ್ದರೆ ಹರಾಜಿಗೆ ಜಾಗವಿಲ್ಲ. ಹಾಕಿ, ಮತ್ತೆ ಸಿಕ್ಕಿಬಿದ್ದರೆ ಖಾತೆಯೇ ಬಂದ್.

ಬಿಸಿಲು ಅಂಗಳಕ್ಕೆ ಇಳಿಯುವ ಹೊತ್ತಿಗೆ ಇಳಕಲ್ಲಿನಿಂದ ಮುರ್ತುಜಸಾಬ ಬೈಕಿನ ಹಿಂದೆ ಗಂಟು ಕಟ್ಟಿಕೊಂಡು ಬರುತ್ತಾರೆ. ಮನೆಮನೆಗೆ ತಿರುಗಿ ಹಳೆಯ ಇಳಕಲ್ಲ ಸೀರೆ ಕೊಳ್ಳುವುದು ಇವರ ಕಸುಬು. ಗಟ್ಟಿ ಇದ್ದವನ್ನು ಅದೇ ತಾಣದಲ್ಲಿ ಹರಾಜಿಗೆ ಇಡುತ್ತಾರೆ, ಹರಿದವನ್ನು ರಂಗವ್ವನಿಗೆ ಕೊಡುತ್ತಾರೆ. ಹಿಂದೆಯೇ ಗುಳೇದಗುಡ್ಡದ ಬಸ್ಸು ಇಳಿದು ಸುನಂದಾ ಬರುತ್ತಾರೆ. ಮನೆಯ ಮಗ್ಗದಲ್ಲಿ ನೇಯ್ದ ಖಣ ಮಾರುವವರು, ಅದೇ ತಾಣದಲ್ಲಿ. ಇವತ್ತು ಸುನಂದಾ, ರಂಗವ್ವ ಇಬ್ಬರನ್ನೂ ಒಂದೆಡೆ ಸೇರಿಸಿದ್ದು ಮುರ್ತುಜಸಾಬರೇ. ತಾಣ ಬಿಟ್ಟು ಹೊರಬೀಳಬೇಕು, ಬಿಟ್ಟರೆ ಮೂವರೂ ಕೂಡಿ ಬಿಡಬೇಕು ಎಂಬುದು ಅವರ ವಾದ. ಮೊಬೈಲಿನಲ್ಲಿ ತಮ್ಮದೇ ಒಂದು ಗುಂಪು ಮಾಡಿ ಸೀರೆ, ಖಣ, ಕೌದಿ ಮೂರನ್ನೂ ಮಾರಬಹುದು. ಒಬ್ಬರೇ ಆದರೆ ಯಾರು ನೋಡುತ್ತಾರೆ?

"ಮೊದಮೊದಲ ತಾಣದವರು ಕೈ ಹಿಡದು ಕರದು ಕುಂದ್ರಿಸಿದ್ರು ಅಕ್ಕಾ" ಎನ್ನುತ್ತಾರೆ ಮುರ್ತುಜಸಾಬ, ಚಹದ ಬಟ್ಟಲು ಕೆಳಗಿಟ್ಟು. "ಈಗ ಕುಂತ ಜಾಗಕ್ಕ ಬಾಡಿಗಿ. ಮುಂದಿನ ಸಾಲಿಗೆ ಬರಬೇಕಂದ್ರ ಬ್ಯಾರೆ ಬಾಡಿಗಿ. ಹೋದ ತಿಂಗಳ ಒಬ್ಬಾಕಿ ನನ್ನ ಸೀರಿ ಉಟ್ಕೊಂಡು, ಮದುವಿ ಊಟ ಉಂಡು, ಅರಿಷಿಣ ಹಚ್ಕೊಂಡು ವಾಪಸ್ ಕಳಿಸ್ಯಾಳ. ಬಣ್ಣ ಸರಿ ಇಲ್ಲಂತ!"

"ನಿನಗ ಸಿಟ್ಟು ಬಂದಿದ್ದು ಸೀರಿಗೋ, ಊಟಕ್ಕ ಕರೀಲಿಲ್ಲಂತೋ?" ರಂಗವ್ವ ಕೇಳುತ್ತಾರೆ.

"ನಗು ಅಕ್ಕಾ, ನಗು."

ಸುನಂದಾ ನಗುವುದಿಲ್ಲ. "ಸಾಬ್ರ, ನೀವು ಹೇಳೂದು ಖರೆ. ಆದ್ರ ನಾವು ಎದ್ದು ಬಂದ್ರ ಗಿರಾಕಿ ನಮ್ಮ ಹಿಂದ ಬರ್ತಾರೇನ್ರಿ? ಅವರ ವಿಳಾಸ ಎಲ್ಲಾ ಅಲ್ಲೇ. ನನ್ನ ಖಣ ಚಲೋ ಐತಿ ಅಂತ ಮುನ್ನೂರು ಮಂದಿ ಬರದಾರ, ಅದೂ ಅಲ್ಲೇ."

ಮುರ್ತುಜಸಾಬರಿಗೂ ಇದು ತಿಳಿಯದ ಮಾತಲ್ಲ. ಗಂಟಿನ ಹಗ್ಗ ಬಿಚ್ಚಲು ತೊಡಗುತ್ತಾರೆ. "ಡ್ಯಾಮಿನ ನೀರಾಗ ಬಾಗಲಕೋಟಿ ಮುಳುಗಡಿ ಆದಾಗ ನಮ್ಮಕ್ಕನ ಮನಿಯವರು ಬಾಗಲಾ, ಚೌಕಟ್ಟ, ಕಂಬ, ಎಲ್ಲಾ ಕಿತ್ಕೊಂಡು ನವನಗರಕ್ಕ ಒಯ್ದರು. ಹೊಸಾ ಮನಿಗೆ ಹಳೇ ಬಾಗಲಾನ ಹಚ್ಚಿದ್ರು. ಇಲ್ಲಿಂದ ಏನ್ ಕಿತ್ಕೊಂಡು ಹೋಗ್ಲಿ ಹೇಳು? ಮಂದಿ ನನ್ನ ಬಗ್ಗೆ ಬರದ ನಾಕು ಚಲೋ ಮಾತು, ಅದನ್ನೂ ಒಯ್ಯಾಕ ಬಿಡೂದಿಲ್ಲ. ಆದ್ರೂ ನಾ ತಾಣ ಬಿಡಾವ."

ಮಾತು ಹೊರಸಿನ ಮೇಲಿನ ಕೌದಿಗೆ ಬರುತ್ತದೆ. ವಿದ್ಯಾಳಿಗೆ ಇದು ಅಷ್ಟು ದೊಡ್ಡ ಸಮಸ್ಯೆಯೇ ಅಲ್ಲ. "ಅತ್ತಿ, ಒಂದು ಗುರುತು ಅಷ್ಟ. ಹಾಕಿ ಬಿಡೂಣು. ರೊಟ್ಟಿ ಇನ್ನೂ ಸಣ್ಣದು ಮಾಡಿ ಇಡು, ಯಾರಿಗೆ ತಿಳೀತೈತಿ?"

"ಹೊಟ್ಟ್ಯಾಗ ಇಟ್ಟು ಇಲ್ಲಂತ ಬರೀಲೇನು? ನಿನ್ನ ಸಾಲಿ ಹುಡುಗೂರಿಗೂ ಇದನ್ನ ಕಲಸಾಕಿ ಏನು?"

ಸುನಂದಾಗೆ ಒಂದು ಉಪಾಯ ಹೊಳೆಯುತ್ತದೆ. ಖಣದ ಒಂದು ದುಂಡನೆಯ ತುಂಡು ಕತ್ತರಿಸಿ ರೊಟ್ಟಿಯ ಬದಲು ಇಟ್ಟರಾಯಿತು. "ಅರಿಬಿ ರೊಟ್ಟಿ ಅನ್ಕೋಬೇಕ್ರಿ ಅಕ್ಕಾರ. ದೇವ್ರು ಒಪ್ಪತಾನ."

"ದೇವ್ರ ಮಾತು ಆಮ್ಯಾಗ. ಒಂದಿನ ನಿನ್ನ ಗಂಡಗ ಅರಿಬಿ ರೊಟ್ಟಿ ಬಡಸು. ಅಂವಾ ಒಪ್ಪಿದ್ರ ಬಂದು ಹೇಳು."

ಮುರ್ತುಜಸಾಬ ಚಹ ನೆತ್ತಿಗೇರಿ ಕೆಮ್ಮುತ್ತಾರೆ. ಸುನಂದಾ ಕೂಡ ಈಗ ಸೆರಗು ಬಾಯಿಗಿಟ್ಟು ನಗುತ್ತಾರೆ. ವಿದ್ಯಾ ಮಾತ್ರ ಸೋತವಳಂತೆ ಮೊಬೈಲ್ ಪಕ್ಕಕ್ಕಿಡುತ್ತಾಳೆ. "ಹಂಗಾದ್ರ ಏನ್ ಮಾಡೂದು ಅತ್ತಿ? ರೊಟ್ಟಿ ಇಡಂಗಿಲ್ಲ. ಖಾಲಿ ಮುಚ್ಚಂಗಿಲ್ಲ. ಸುಳ್ಳು ಬರಿಯಂಗಿಲ್ಲ. ಸಾಬಣ್ಣನ ಜೋಡಿ ಹೋಗೇ ಬಿಡೂಣೇನು?"

ರಂಗವ್ವ ಹೊಲಿಗೆ ನಿಲ್ಲಿಸುತ್ತಾರೆ. ಹೊರಸಿನ ಮೇಲಿನ ಕೌದಿ ಎಳೆದುಕೊಂಡು ತೆರೆದ ಮೂಲೆಯೊಳಗೆ ಎರಡು ಬೆರಳು ಇಳಿಸಿ ನೋಡುತ್ತಾರೆ, ಮಗುವಿನ ಬಾಯಲ್ಲಿ ಹಲ್ಲು ಬಂದಿದೆಯೇ ಎಂದು ನೋಡುವವರ ಹಾಗೆ.

"ಮುಚ್ಚೂದ ಬ್ಯಾಡ."

"ಅಂದ್ರ?"

"ತಗೊಂಡವರ ಮನ್ಯಾಗ ಒಲಿ ಹಚ್ಚತಾರೋ ಇಲ್ಲೋ? ಅವರ ಮನ್ಯಾಗ ಬೆಂದದ್ದನ್ನ ಅವರೇ ಒಳಗ ಇಟ್ಟು, ಅವರೇ ಮುಚ್ಚಲಿ. ಸೂಜಿ, ದಾರ ನಾ ಕೊಡ್ತೇನಿ. ಇಲ್ಲಿಂದ ಹೋಗೂವಾಗ ಒಳಗ ಏನೂ ಇರೂದಿಲ್ಲ. ಗುರುತು ಹಾಕು, ಈಗ ಅದು ಖರೇನ."

"ಹರಕ ಕಳಿಸ್ಯಾರ ಅಂತ ಇನ್ನೊಂದು ದೂರು ಬರ್ತೈತಿ ನೋಡ್ರಿ" ಎಂದು ಸುನಂದಾ ಎಚ್ಚರಿಸುತ್ತಾರೆ. ವಿದ್ಯಾ ತಾಣದ ನಿಯಮ ತೆಗೆದು ಓದುತ್ತಾಳೆ. ಹೊಲಿಗೆ ಬಾಕಿ ಇದ್ದರೆ 'ಅಪೂರ್ಣ ಮಾಲು' ಎಂಬ ಸಾಲಿಗೆ ಹೋಗಬೇಕು. ಅಲ್ಲಿಗೆ ಹುಡುಕಿಕೊಂಡು ಬರುವವರೇ ಕಡಿಮೆ, ಮೂಲ ಬೆಲೆಯನ್ನೂ ಇಳಿಸಬೇಕು.

"ಇಳಸು."

"ಯಾರೂ ಸವಾಲು ಹಾಕಲಿಲ್ಲಂದ್ರ ಅಕ್ಕಾ?" ಮುರ್ತುಜಸಾಬ ಕೇಳುತ್ತಾರೆ.

"ಆವಾಗ ನಿನ್ನ ಹಿಂದ ಬರ್ತೇನಿ. ಒಂದು ಕೌದಿ ಹಾಕಿ ನೋಡ್ತೇನಿ, ಮುಗೀತು. ಬ್ಯಾಡಂದವರ ಮನಿಗೆ ಮತ್ತ ಹೋಗಾಕಿ ನಾ ಅಲ್ಲ."

ವಿದ್ಯಾ ಆಗಲೇ ಮೂಲೆಯ ಫೋಟೊ ತೆಗೆದು, ಅತ್ತೆ ಹೇಳಿದ್ದನ್ನು ಇಂಗ್ಲಿಷಿಗೆ ತಿರುಗಿಸಿ ಬರೆಯುತ್ತಾಳೆ. ಅತ್ತೆ ಹೇಳಿದ್ದು ಇಷ್ಟೇ: "ಈ ಕೌದಿ ಇನ್ನೂ ಉಂಡಿಲ್ಲ. ನಮ್ಮ ಮನ್ಯಾಗ ರೊಟ್ಟಿ ಇಡ್ತೇವಿ. ನೀವು ಉಣ್ಣೂದರಾಗ ಒಂದು ಚೂರು ಇದಕ್ಕ ಇಟ್ಟು ಮೂಲಿ ಹೊಲೀರಿ."

ಏಳು ದಿನ ಕಳೆದು ಮತ್ತೆ ನಸುಕಿನಲ್ಲಿ ಅದೇ ಅಂಗಳಕ್ಕೆ ಹೋಗುತ್ತೇನೆ. ಈ ವಾರದೊಳಗೆ ಮುರ್ತುಜಸಾಬ ಹೇಳಿದಂತೆ ಖಾತೆ ಮುಚ್ಚಿದ್ದಾರೆ. ಅವರ ಹೊಸ ಗುಂಪಿನಲ್ಲಿ ಸದ್ಯಕ್ಕೆ ಹೆಚ್ಚಿನವರು ನೆಂಟರೇ. ಸುನಂದಾ ತಾಣದಲ್ಲೇ ಉಳಿದಿದ್ದಾರೆ. ವಿದ್ಯಾ ಕಟ್ಟೆಯ ಮೇಲೆ ಮೊಬೈಲ್ ಹಿಡಿದು ಕುಳಿತಿದ್ದಾಳೆ. ರಾತ್ರಿಯವರೆಗೂ ಒಂದು ಸವಾಲೂ ಬಂದಿಲ್ಲ. ರಂಗವ್ವ ಕಾಲು ಚಾಚಿ ಹೊಲಿಯುತ್ತಿದ್ದಾರೆ. ಹೊಲಿಗೆ ಸಾಲು ಹಿಡಿದಿದ್ದರೂ ಇವತ್ತು ಎಂದಿನಂತೆ ಓಡುತ್ತಿಲ್ಲ. ನಾನು ಎರಡು ಸೂಜಿ ಪೋಣಿಸಿ ಕೊಟ್ಟರೂ ಮೊದಲನೆಯದೇ ಕೈಯಲ್ಲಿದೆ.

"ಅತ್ತೀ."

ಕೂಗಿನಲ್ಲಿ ಹಿಗ್ಗಿಲ್ಲ. "ಹೋತು. ಒಬ್ಬಾಕಿನ ಸವಾಲು ಹಾಕ್ಯಾಳ. ಮ್ಯಾಲೆ ಯಾರೂ ಏರಿಸಲಿಲ್ಲ. ಇಟ್ಟ ಬೆಲಿಗೇ ಹೋತು." ನಾಲ್ಕು ವರ್ಷದಲ್ಲಿ ಯಾವ ಕೌದಿಯೂ ಇಷ್ಟು ಕಡಿಮೆಗೆ ಹೋಗಿಲ್ಲ. ವಿದ್ಯಾಳ ಮುಖ ಸಣ್ಣದಾಗಿದೆ.

"ಯಾರ ಮನಿಗೆ?"

ವಿದ್ಯಾ ಊರಿನ ಹೆಸರು ಓದಲು ನೋಡಿ, ನಾಲಿಗೆ ಹೊರಳದೆ ಬಿಟ್ಟುಕೊಡುತ್ತಾಳೆ. ಕೊಂಡವಳು ಒಂದು ಪ್ರಶ್ನೆಯನ್ನೂ ಕಳಿಸಿದ್ದಾಳೆ. "ಅವರ ಮನ್ಯಾಗ ರೊಟ್ಟಿ ಮಾಡೂದಿಲ್ಲಂತ ಅತ್ತಿ. ಅನ್ನ ಉಣ್ಣೂ ಮಂದಿ. ಅನ್ನದ ಅಗಳು ಇಟ್ರ ನಡೀತೈತೇನು ಅಂತ ಕೇಳ್ಯಾಳ."

ರಂಗವ್ವನ ಸೂಜಿ ನಿಲ್ಲುತ್ತದೆ.

"ಒಣಗಿಸಿ ಇಡು ಅಂತ ಬರಿ. ಹಸೀದು ಇಟ್ರ ಬೂಷ್ಟು ಹಿಡೀತೈತಿ."

ಬೆಲೆ ಕಡಿಮೆಯಾದುದಕ್ಕೆ ಬೇಸರವಿಲ್ಲವೇ ಎಂದು ಕೊನೆಗೂ ಕೇಳುತ್ತೇನೆ. "ಬ್ಯಾಸರ ಆಗದ ಏನು? ಪಕ್ಕದ ಮನಿ ಇಬ್ಬರಿಗೂ ಕೂಲಿ ಕೊಡಬೇಕಲ್ಲ. ಮುಂದಿನದು ಏರಿದ್ರೂ ಏರಬಹುದು, ಇಲ್ಲಾಂದ್ರ ಸಾಬ ಅದಾನ. ಗಿರಾಕಿ ಸಿಕ್ಕಳಲ್ಲ, ಈಗರೆ ನಾನಾಗೆ ತಾಣ ಬಿಟ್ಟು ಹೋಗೂದಿಲ್ಲ." ಹೊರಸಿನಿಂದ ಕೌದಿ ಇಳಿಸಿಕೊಂಡು, ಉಂಡೆಯಿಂದ ಮೊಳದುದ್ದ ದಾರ ಎಳೆಯುತ್ತಾರೆ. ಒಂದು ಕ್ಷಣ ಯೋಚಿಸಿ ಇನ್ನೂ ಅಷ್ಟೇ ಎಳೆದು ಮಡಚಿ ಎರಡೆಳೆ ಮಾಡುತ್ತಾರೆ, ತುದಿಗೆ ಗಂಟು ಹಾಕುತ್ತಾರೆ, ಸೂಜಿಯನ್ನು ತೆರೆದ ಮೂಲೆಗೆ ಚುಚ್ಚಿ ನಿಲ್ಲಿಸುತ್ತಾರೆ.

"ಅಕಿ ಎಂಥಾ ಹೊಲಿಗಿ ಹಾಕ್ತಾಳೋ ಏನೋ. ದಾರ ಗಟ್ಟಿ ಇರ್ಲಿ. ಆ ಮೂಲಿ ಬಿಚ್ಚಿದ್ರ ರಂಗವ್ವನ ಕೌದಿ ಬಿಚ್ಚಿತು ಅಂತಾರ."