ಕೆಎಲ್ ಇಲ್ಲಿಗೆ ಮುಗೀತು

ನೆರೆಮನೆಯ ಇಸ್ಮಾಯಿಲ್ ಸಾಹೇಬರು ಕಾರು ಓಡಿಸುವಾಗ ಊರಿನ ಹೆಸರು ಕೂಗುತ್ತಿದ್ದರು. ನಮ್ಮ ಬಾಂಗ್ಸಾರ್ ಬಿಟ್ಟು ಹೆದ್ದಾರಿಯ ದೊಡ್ಡ ಕಮಾನು ದಾಟಿದ ಕೂಡಲೇ, "ಕೆಎಲ್ ಇಲ್ಲಿಗೆ ಮುಗೀತು. ಪೀಜೆ ಬಂತು." ಕುವಾಲಾಲಂಪುರ ಮುಗಿದು ಪೆತಾಲಿಂಗ್ ಜಯ ಶುರುವಾಯಿತು ಎಂದರ್ಥ. ಆಮೇಲೆ ಸುಬಾಂಗ್, ಶಾ ಆಲಂ. ಅಲ್ಲಿ ನನ್ನ ಆಫೀಸು. ನನ್ನನ್ನು ಇಳಿಸಿ ಅವರು ಕ್ಲಾಂಗ್ ಬಂದರಿಗೆ, ಕಂಟೇನರುಗಳ ಕೆಲಸಕ್ಕೆ ಹೋಗುತ್ತಿದ್ದರು.

ಮೈಸೂರಿನವಳಾದ ನನಗೆ ಇದಿಷ್ಟೂ ಒಂದೇ ಕೆಎಲ್. ಮನೆಗೆ ಮನೆ, ಮಾಲ್‌ಗೆ ಮಾಲ್ ಅಂಟಿಕೊಂಡಿವೆ. ನಡುವೆ ಒಂದು ಹೊಲವಾದರೂ ಬೇಡವೇ? "ಸಾಹೇಬ್ರೇ, ನೀವು ಬಸ್ ಕಂಡಕ್ಟರ್ ಆಗ್ಬೇಕಿತ್ತು" ಎಂದು ರೇಗಿಸಿದೆ. ಮಾತುಮಾತಿಗೂ ನಗುವ ಗದಗಿನ ಮನುಷ್ಯ ಅವತ್ತು ನಗಲಿಲ್ಲ.

ಒಮ್ಮೆ ಮಾಮಕ್ ಅಂಗಡಿಯಲ್ಲಿ, ಅಂದರೆ ಅಲ್ಲಿನ ತಮಿಳು ಮುಸ್ಲಿಮರ ಹೋಟೆಲಿನಲ್ಲಿ, ಚಹಾ ಕುಡಿಯುತ್ತಿದ್ದೆವು. ಬೆಂಗಳೂರಿನಿಂದ ಹೊಸದಾಗಿ ಬಂದ ಎಂಜಿನಿಯರ್ ಒಬ್ಬರು, "ನಾನೂ ಕೆಎಲ್‌ನಲ್ಲೇ ಸರ್, ಸುಬಾಂಗ್‌ನಲ್ಲಿ" ಎಂದರು. ಸಾಹೇಬರು ಲೋಟ ಕೆಳಗಿಟ್ಟರು.

"ಸುಬಾಂಗ್ ಅಂದ್ರ ಸುಬಾಂಗ್ ರೀ. ಅದು ಬ್ಯಾರೆ ರಾಜ್ಯ, ಬ್ಯಾರೆ ಮುನ್ಸಿಪಾಲ್ಟಿ. ಸರ್ಕಾರದ ಆಫೀಸು ಸೈತ ಪುತ್ರಜಯದಾಗ ಅದಾವು, ಕೆಎಲ್‌ನಾಗಲ್ಲ. ಇರೋ ಊರಿನ ಹೆಸರು ಸರಿಯಾಗಿ ಹೇಳೋದು ಕಲೀರಿ."

ಪಾಪ, ಆತ ಪೆಚ್ಚಾದರು. ಇಷ್ಟಕ್ಕೆಲ್ಲ ಇಂಥ ಕೋಪವೇ ಎಂದು ನನಗೂ ಸಿಟ್ಟು ಬಂತು.

ಕಾರಣ ಗೊತ್ತಾದದ್ದು ಅವರು ಕೆಲಸ ಬಿಟ್ಟು ಗದಗಿಗೆ ಹೊರಟ ವಾರ, ನನ್ನನ್ನು ಕೊನೆಯ ಸಲ ಆಫೀಸಿಗೆ ಬಿಡಲು ಬಂದಾಗ. ಕಮಾನು ದಾಟಿದರೂ ಅವರು ಊರಿನ ಹೆಸರು ಕೂಗಲಿಲ್ಲ. ಸ್ವಲ್ಪ ಮುಂದೆ ಕಾರನ್ನು ಬದಿಗೆ ನಿಲ್ಲಿಸಿದರು.

"ತಂಗಿ, ಇಲ್ಲೇ, ಇದ ಕಾರಿನ್ಯಾಗ ನಮ್ಮಾಕಿಗೆ ಎದಿನೋವು ಬಂದಿದ್ದು. ಆಂಬುಲೆನ್ಸಿನವ್ರು ಎಲ್ಲಿದೀರಿ ಅಂತ ಕೇಳಿದ್ರು. ಕೆಎಲ್, ಕಮಾನಿನ ಹತ್ರ ಅಂದೆ. ನಾವೆಲ್ಲಾ ಹಂಗ ಅಂತೀವಲ್ಲವಾ? ಗಾಬರಿಯೊಳಗ ಪೀಜೆ ಅನ್ನೋದು ಬಾಯಿಗೆ ಬರಲಿಲ್ಲ. ಅವ್ರು ಕಮಾನಿನ ಆ ಕಡೆ, ಕೆಎಲ್‌ನಾಗ ಹುಡುಕ್ಯಾಡಿದ್ರು."

ಅವರ ಹೆಂಡತಿ ತೀರಿಕೊಂಡದ್ದು ಗೊತ್ತಿತ್ತು, ಹೀಗೆಂದು ಗೊತ್ತಿರಲಿಲ್ಲ. "ನಿಮ್ಮ ತಪ್ಪಲ್ಲ ಸಾಹೇಬ್ರೇ" ಎಂದೆ. ಅವರು ನನ್ನ ಕಾಲ ಬಳಿ ನೋಡುತ್ತ ಮುಂದುವರಿಸಿದರು.

"ಆಕಿ ಕಣ್ಣು ಮುಚ್ಚಿಕೊಂಡು ಕುಂತಿದ್ಲು. ಎಲ್ಲಿ ಬಂದ್ವಿ ರೀ ಅಂತ ಕೇಳಿದ್ಲು. ಧೈರ್ಯ ಇರಲಿ ಅಂತ, ಮನೀ ಬಂತು ಅಂದೆ. ನಂಬಿಬಿಟ್ಲವಾ. ಕಣ್ಣು ತೆರೀದೇ, ಕಾಲಿಂದ ಚಪ್ಪಲಿ ಹುಡುಕಾಕ ಹತ್ತಿದ್ಲು."

ನಾನು ಕೂತಿದ್ದದ್ದು ಅದೇ ಸೀಟಿನಲ್ಲಿ. ಕಾಲುಗಳನ್ನು ಮೆಲ್ಲಗೆ ಮೇಲಕ್ಕೆ ಎಳೆದುಕೊಂಡೆ.