ಫ್ಲಾಪಿಯನ್ನು ಖಾಲಿ ಕಳಿಸಬಾರದು

2004ರಲ್ಲಿ ನಾನು ಬಿಜಾಪುರದ ಒಂದು ಸಂಸ್ಥೆಯಲ್ಲಿ ತಾಂತ್ರಿಕ ಸಂಯೋಜಕನಾಗಿದ್ದೆ. ಹುದ್ದೆಯ ಹೆಸರು ದೊಡ್ಡದು, ಕೆಲಸ ಇಷ್ಟೇ: ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿದ್ದ ನಾಲ್ಕು ಕಂಪ್ಯೂಟರುಗಳಲ್ಲಿ ಯಾವುದಾದರೂ ನಿಂತರೆ ಬಸ್ಸು ಹತ್ತಿ ಹೋಗಿ ಓಡಿಸಿ ಬರುವುದು. ನನ್ನ ಬೆನ್ನುನೋವು ಆ ರಸ್ತೆಗಳ ಕೊಡುಗೆ. ವರ್ಷದ ಬಗ್ಗೆ ಖಾತ್ರಿಯಿದೆ, ತಿಂಗಳ ಬಗ್ಗೆ ಇಲ್ಲ. ಉಳ್ಳಾಗಡ್ಡಿ ಇನ್ನೂ ಮಡಿಯಲ್ಲಿತ್ತು, ಮುಂಜಾನೆ ಬಸ್ಸಿನ ಕಿಟಕಿ ಮುಚ್ಚಿಕೊಳ್ಳಬೇಕಾಗುತ್ತಿತ್ತು, ಅಷ್ಟು ನೆನಪು. ಈ ಪ್ರಕರಣವನ್ನು ನಾನು ಹಲವು ಕಡೆ ಹೇಳಿದ್ದೇನೆ. ಹೇಳಿದಷ್ಟೂ ಅದು ನುಣುಪಾಗುತ್ತ ಬಂದಿದೆ, ಆ ನುಣುಪಿನ ಮೇಲೆ ನನಗೆ ನಂಬಿಕೆಯಿಲ್ಲ. ಅನುಮಾನ ಇರುವಲ್ಲಿ ಅನುಮಾನವೆಂದೇ ಬರೆಯುತ್ತೇನೆ.

ಸಂಸ್ಥೆ ಕಾಲುವೆ ನೀರಿನ ಪಾಳಿ ಚೀಟಿ ಅಚ್ಚು ಹಾಕಿಕೊಡುತ್ತಿತ್ತು. ಒಂದು ಹೊಲಗಾಲುವೆಗೆ ಏಳು ಮನೆತನ, ವಾರಕ್ಕೆ ಏಳು ದಿನ, ಒಂದೊಂದು ಮನೆಗೆ ಒಂದೊಂದು ದಿನ. ಕೇಳಲು ಸುಲಭ. ಆದರೆ ಹಂಗಾಮಿಗೊಮ್ಮೆ ಪಾಳಿ ಬದಲಾಗುತ್ತಿತ್ತು, ಚೀಟಿ ಬರೆದವನು ತನ್ನವರಿಗೆ ಒಳ್ಳೆಯ ದಿನ ಕೊಟ್ಟ ಎಂಬ ಜಗಳ ಪ್ರತಿ ಊರಲ್ಲೂ ಇತ್ತು. ಅದಕ್ಕೇ ಕಂಪ್ಯೂಟರ್. ನಮ್ಮ ಕಾರ್ಯದರ್ಶಿ ಪಾಟೀಲರು ಪ್ರತಿ ಸಭೆಯಲ್ಲೂ ಒಂದು ಮಾತು ಹೇಳುತ್ತಿದ್ದರು: "ಮಷಿನ್ನಿಗೆ ಬೀಗರು ಇರಂಗಿಲ್ಲ ನೋಡ್ರಿ."

ಪಾಳಿ ಪ್ರೋಗ್ರಾಂ ಓಪನ್ ಸೋರ್ಸ್, ಎಂದರೆ ಅದರ ಮೂಲ ಪಠ್ಯ ಎಲ್ಲರಿಗೂ ತೆರೆದದ್ದು, ತಿದ್ದಿಕೊಳ್ಳಲು ಅಡ್ಡಿಯಿಲ್ಲ. ಬರೆದವರು ಕೆಲಸ ಬಿಟ್ಟು ಹೋಗಿದ್ದರು. ನಾಲ್ಕೂ ಕಂಪ್ಯೂಟರುಗಳು ಬೇರೆ ಬೇರೆ ಕಡೆಯಿಂದ ದಾನವಾಗಿ ಬಂದವು, ಒಂದರಂತೆ ಒಂದಿಲ್ಲ. ಹಾಗಾಗಿ ಪ್ರೋಗ್ರಾಮನ್ನು ಆಯಾ ಊರಲ್ಲೇ ಮೂಲದಿಂದ ಕಟ್ಟಿಕೊಳ್ಳಬೇಕಿತ್ತು. ಇದಕ್ಕೆ ಬಿಲ್ಡ್ ಎನ್ನುತ್ತಾರೆ. ಇಡೀ ಪ್ರೋಗ್ರಾಮನ್ನು ಯಾರೂ ಒಬ್ಬರೇ ಬರೆಯುವುದಿಲ್ಲ. ತಾರೀಖು ಲೆಕ್ಕ ಹಾಕಲು ಒಂದು, ಅಚ್ಚಿಗೆ ಸಾಲು ಜೋಡಿಸಲು ಇನ್ನೊಂದು, ಹೀಗೆ ಯಾರೋ ಬರೆದಿಟ್ಟ ತುಣುಕುಗಳನ್ನು ತಂದು ಸೇರಿಸುತ್ತಾರೆ. ಅವೇ ಲೈಬ್ರರಿಗಳು. ಅವುಗಳಿಗೂ ಹೊಸ ಆವೃತ್ತಿ ಬರುತ್ತಿರುತ್ತವೆ. ಯಾವ ಪ್ರೋಗ್ರಾಂ ಯಾವ ಲೈಬ್ರರಿಯ ಯಾವ ಆವೃತ್ತಿಯನ್ನು ನೆಚ್ಚಿ ನಿಂತಿದೆ ಎಂಬುದರ ಕಾವಲು ಒಂದು ಉದ್ಯೋಗವೇ ಸರಿ. ಅದು ನನ್ನ ಉದ್ಯೋಗದ ಅರ್ಧ ಎಂದು ಆಗ ನನಗೆ ಯಾರೂ ಹೇಳಿರಲಿಲ್ಲ.

ಸಿಂದಗಿಯ ಆಪರೇಟರ್ ಸಂಗಮ್ಮ. ಗಂಡನ ಊರು ದೇವಣಗಾಂವ ಹಾದಿಯ ಒಂದು ಹಳ್ಳಿ. ಆ ಊರಿನ ಸೊಸೆಯಂದಿರಲ್ಲಿ ಬಸ್ಸು ಹತ್ತಿ ಕೆಲಸಕ್ಕೆ ಬರುತ್ತಿದ್ದವರು ಆಕೆ ಒಬ್ಬರೇ. ಆಕೆಯ ಮಾವ ಬಸಲಿಂಗಪ್ಪನವರಿಗೆ ಶನಿವಾರದ ಪಾಳಿ. ಐತವಾರದ ಪಾಳಿ ಶಿವಪ್ಪ ಎಂಬವರದು, ಹೊಲ ಮಗ್ಗುಲಿನದೇ. ಒಂದು ವಾರದ ಚೀಟಿಯಲ್ಲಿ ಶನಿವಾರ ಬಸಲಿಂಗಪ್ಪ, ಐತವಾರವೂ ಬಸಲಿಂಗಪ್ಪ ಎಂದು ಅಚ್ಚಾಯಿತು. ಶಿವಪ್ಪನವರ ಹೆಸರೇ ಇಲ್ಲ. ಮರುವಾರವೂ ಹಾಗೇ. ಬಸಲಿಂಗಪ್ಪನವರು ಎರಡೂ ಐತವಾರ ನೀರು ಬಿಟ್ಟುಕೊಂಡರು. ಕೇಳಿದ್ದಕ್ಕೆ, "ಚೀಟಿಯೊಳಗ ಐತಿ, ಬಿಟ್ಟೇನಿ" ಎಂದರಂತೆ. ಶಿವಪ್ಪನವರ ಉಳ್ಳಾಗಡ್ಡಿ ಮಡಿಗಳು ಬಾಡಿದವು. ಚೀಟಿ ಅಚ್ಚು ಹಾಕಿದವಳು ಆ ಮನೆಯ ಸೊಸೆ. ಊರಿಗೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿರಲಿಲ್ಲ.

ಪಾಟೀಲರು ನನ್ನನ್ನು ಕರೆದು ಬಾಗಿಲು ಮುಚ್ಚಿದರು. "ಶುಕ್ರವಾರ ಸಿಂದಗ್ಯಾಗ ಸಭಾ ಕರದೇನಿ. ಆ ಹುಡುಗಿ ಕೈಚಳಕ ಮಾಡ್ಯಾಳ ಅಂದ್ರ ಅವತ್ತೇ ತಗದು ಹಾಕ್ತೇನಿ. ಮಾಡಿಲ್ಲ ಅಂದ್ರ ಮತ್ತ್ಯಾರು ಮಾಡ್ಯಾರ ಅನ್ನೂದು ನೀವು ಹೇಳಬೇಕು. ಮಷಿನ್ನಿನ ಮ್ಯಾಲೆ ಹಾಕಿ ಕುಂದರಬ್ಯಾಡ್ರಿ."

ಸಿಂದಗಿಗೆ ಹೋದೆ. ಹೆಸರುಗಳ ಕಡತ ನೋಡಿದೆ: ಶನಿವಾರ ಬಸಲಿಂಗಪ್ಪ, ಐತವಾರ ಶಿವಪ್ಪ, ಸರಿಯಾಗಿಯೇ ಇತ್ತು. ಪ್ರೋಗ್ರಾಮಿನ ಮೂಲ ಪಠ್ಯವೂ ಬಿಜಾಪುರ ಕಚೇರಿಯ ಮೂಲ ಸಿ.ಡಿ.ಯಲ್ಲಿದ್ದದ್ದೇ, ಒಂದಕ್ಷರ ಬದಲಿಲ್ಲ. ಸಂಗಮ್ಮ ಕುರ್ಚಿಯಲ್ಲಿ ಕೂರಲಿಲ್ಲ, ಗೋಡೆಗೆ ಬೆನ್ನು ಕೊಟ್ಟು ನಿಂತೇ ಇದ್ದರು.

"ಬೇರೆ ಊರಿನಿಂದ ಯಾವುದಾದರೂ ಫೈಲ್ ತರಿಸಿಕೊಂಡಿದ್ದೀರಾ?" ಎಂದು ಕೇಳಿದೆ.

"ಇಲ್ರಿ ಸರ್. ನಾ ಯಾರನ್ನೂ ಏನೂ ಕೇಳಿಲ್ಲ. ಗುರುನಾಥಣ್ಣಗ ನಾನ ಒಂದು ಕೊಟ್ಟೇನಿ, ಅಚ್ಚಿಂದು."

ಗುರುನಾಥ ಇಂಡಿಯ ಆಪರೇಟರ್. ಅವನ ಪ್ರಿಂಟರಿನಲ್ಲಿ ಸಾಲುಗಳು ಒಂದರ ಮೇಲೊಂದು ಬೀಳುತ್ತಿದ್ದವಂತೆ. ಸಂಗಮ್ಮ ತಮ್ಮಲ್ಲಿದ್ದ ಅಚ್ಚಿನ ಲೈಬ್ರರಿಯನ್ನು ಫ್ಲಾಪಿಗೆ ಹಾಕಿ ಬಸ್ ಕಂಡಕ್ಟರ್ ಕೈಯಲ್ಲಿ ಕಳಿಸಿದ್ದರು. ಅದಕ್ಕೂ ಪಾಳಿಗೂ ಸಂಬಂಧವಿಲ್ಲ. ಬಿಟ್ಟುಬಿಟ್ಟೆ.

ಮರುದಿನ ಇಂಡಿ. ಅಲ್ಲಿನ ಚೀಟಿಗಳು ಸರಿಯಾಗಿದ್ದವು. "ಸಿಂದಗಿಗೆ ಏನಾದರೂ ಕೊಟ್ಟಿದ್ದೀಯಾ?" ಎಂದೆ. ಗುರುನಾಥ ನಕ್ಕ. "ನಾ ಏನ್ ಕೊಡ್ಲಿ ಸರ್, ಅಕ್ಕಾರ ನನಗ ಕೊಟ್ಟಾರ. ಅವರ ಫ್ಲಾಪಿ ಅವರಿಗೆ ವಾಪಸ್ ಮುಟ್ಟಿಸೇನಿ, ಮುಗೀತು." ಹೊರ್ತಿಗೆ ಹೋಗುವ ಬಸ್ಸಿಗೆ ಹೊತ್ತಾಯಿತೆಂದು ಎದ್ದು ಹೋದ. ಅವನ ಮನೆ ಅಲ್ಲಿತ್ತು.

ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಿಗೂ ಹೋದೆ. ಎರಡೂ ಕಡೆ ಚೀಟಿ ಸರಿ. ಬಾಗೇವಾಡಿಯಲ್ಲಿ ಮುಳವಾಡದ ಕಡೆಯವರೊಬ್ಬರು, ಸುದ್ದಿ ಅಲ್ಲಿಗೂ ಮುಟ್ಟಿತ್ತು, "ಸಿಂದಗಿ ಮಷಿನ್ನಿಗೆ ಅಷ್ಟ ಅತ್ತಿಮನಿ ನೆನಪಾತೇನ್ರಿ?" ಎಂದು ಕೆಣಕಿದರು. ಬಿಜಾಪುರಕ್ಕೆ ಮರಳಿ ಖಾಲಿ ಕಂಪ್ಯೂಟರಿನ ಮೇಲೆ ನಮ್ಮ ಸಿ.ಡಿ.ಯಿಂದಲೇ ಬಿಲ್ಡ್ ಮಾಡಿ, ಸಿಂದಗಿಯ ಹೆಸರುಗಳನ್ನೇ ಹಾಕಿ ಚೀಟಿ ತೆಗೆದೆ. ಐತವಾರ ಶಿವಪ್ಪ. ಸರಿ. ನಾಲ್ಕು ಕಡೆ ಸರಿ, ಒಂದು ಕಡೆ ತಪ್ಪು. ನಾನು ಶ್ರಮಪಟ್ಟಷ್ಟೂ ಸಂಗಮ್ಮನ ಕುತ್ತಿಗೆಗೆ ಹಗ್ಗ ಬಿಗಿಯುತ್ತಿತ್ತು. ಆಕೆ ಚೀಟಿಯನ್ನು ಬೇರೆ ಕಡೆ ಟೈಪು ಮಾಡಿ ಅಚ್ಚು ಹಾಕಿರಬಹುದು ಎಂದು ನಾನೂ ಯೋಚಿಸತೊಡಗಿದ್ದೆ. ದಣಿದವನಿಗೆ ಹತ್ತಿರದ ಉತ್ತರವೇ ಸರಿಯೆನಿಸುತ್ತದೆ.

ಸಭೆಗೆ ಹಿಂದಿನ ದಿನ ಮತ್ತೆ ಸಿಂದಗಿ. ಇಲ್ಲಿಂದ ಮುಂದಿನದನ್ನು ನಾನು ಯಾವಾಗಲೂ ಹೀಗೆ ಹೇಳುತ್ತೇನೆ: ನನ್ನ ಊಟದ ಡಬ್ಬಿ ಟೇಬಲ್ಲಿನ ಮೇಲೆ ಖಾಲಿಯಾಗಿತ್ತು. ಸಂಗಮ್ಮ ಅದನ್ನು ತೊಳೆದು, ತಮ್ಮ ಚೀಲದಿಂದ ಎರಡು ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ ಹಾಕಿ ಮುಚ್ಚಿದರು. ನಾನು ಬೇಡವೆಂದೆ.

"ಡಬ್ಬಿ ಖಾಲಿ ಕಳಸಬಾರದ್ರಿ ಸರ್. ನಾಳೆ ನನ್ನ ನೌಕರಿ ಇರ್ಲಿ ಹೋಗ್ಲಿ, ರೀತಿ ಬಿಡಾಕ ಆಗಂಗಿಲ್ಲಲ್ರಿ."

ಆಗ ನಾನು ಕೇಳಿದೆ: "ಗುರುನಾಥ ನಿಮ್ಮ ಫ್ಲಾಪಿಯನ್ನು ಖಾಲಿ ಕಳಿಸಿದನೇ?"

ನಾನು ಹಾಗೆ ಥಟ್ಟನೆ ಕೇಳಿದೆನೇ? ಅಥವಾ ಮೊದಲೇ ಸಿಂದಗಿಯ ಲೈಬ್ರರಿ ಫೈಲುಗಳ ಗಾತ್ರವನ್ನು ನಮ್ಮ ಸಿ.ಡಿ.ಯೊಂದಿಗೆ ಹೋಲಿಸಿ ವ್ಯತ್ಯಾಸ ಕಂಡು, ಆಮೇಲೆ ಡಬ್ಬಿಯನ್ನು ಕಥೆಯ ಈ ಜಾಗಕ್ಕೆ ತಂದಿಟ್ಟೆನೇ? ಪ್ರಾಮಾಣಿಕವಾಗಿ ಗೊತ್ತಿಲ್ಲ. ಗಾತ್ರ ಹೋಲಿಸಿದ್ದಂತೂ ನಿಜ. ರೊಟ್ಟಿ ತಿಂದದ್ದೂ ನಿಜ. ಯಾವುದು ಮೊದಲು ಎಂಬುದು ಮಾತ್ರ ನನ್ನ ಕೈಲಿಲ್ಲ. ಆಕೆಯ ಉತ್ತರ ನೆನಪಿದೆ.

"ಖಾಲಿ ಹೆಂಗ ಕಳಸ್ತಾನ್ರಿ? ತಾರೀಖಿಂದು ಹೊಸಾದು ಒಂದು ಹಾಕಿ ಕಳಿಸಿದ್ದ. ಬಂದದ್ದನ್ನ ಒಗಿಯೂದು ಹೆಂಗ ಅಂತ ಹಾಕ್ಕೊಂಡೆ, ಮತ್ತೊಮ್ಮೆ ಬಿಲ್ಡ್ ಮಾಡಿದೆ. ಚೊಲೋ ಆತು, ಒಂದೂ ಎರರ್ ಬರಲಿಲ್ಲ."

"ನಾನು ಕೇಳಿದಾಗ ಯಾಕೆ ಹೇಳಲಿಲ್ಲ?"

"ತರಿಸಿಕೊಂಡೀರೇನು ಅಂತ ಕೇಳಿದ್ರಿ. ನಾ ಎಲ್ಲಿ ತರಿಸಿಕೊಂಡೆ? ಅದು ಬಂದಿತ್ತು."

ಆಕೆ ತಪ್ಪಿಸಿಕೊಳ್ಳುತ್ತಿರಲಿಲ್ಲ. ಆ ಸೀಮೆಯಲ್ಲಿ ಮರಳುವ ಪಾತ್ರೆಯೊಳಗಿನದು ಕೊಟ್ಟದ್ದೂ ಅಲ್ಲ, ತಗೊಂಡದ್ದೂ ಅಲ್ಲ. ಯಾರೂ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಗುರುನಾಥನೂ ಹಿಡಿದಿರಲಿಲ್ಲ, ಸಂಗಮ್ಮನೂ ಹಿಡಿದಿರಲಿಲ್ಲ.

ಇಂಡಿಗೆ ಫೋನು ಹಚ್ಚಿದೆ. ಗುರುನಾಥನಿಂದ ಉಳಿದದ್ದು ತಿಳಿಯಿತು. ತಾರೀಖಿನ ಲೈಬ್ರರಿಯ ಹಳೆಯ ಆವೃತ್ತಿ ಐತವಾರಕ್ಕೆ ಸೊನ್ನೆ ಎಂಬ ಅಂಕೆ ಕೊಡುತ್ತಿತ್ತು, ಸೋಮವಾರದಿಂದ ಶನಿವಾರದವರೆಗೆ ಒಂದರಿಂದ ಆರು. ಹೊಸದರಲ್ಲಿ ಐತವಾರ ಏಳು. ಉಳಿದ ಆರು ದಿನ ಅದೇ. ನಮ್ಮ ಪ್ರೋಗ್ರಾಮಿಗೆ ಏಳು ಎಂಬ ದಿನ ಗೊತ್ತಿರಲಿಲ್ಲ. ಗೊತ್ತಿಲ್ಲದ ಅಂಕೆ ಬಂದರೆ ಅದು ದೂರು ಹೇಳದೆ, ಕೈಯಲ್ಲಿದ್ದ ಹಿಂದಿನ ದಿನದ ಹೆಸರನ್ನೇ ಮತ್ತೊಮ್ಮೆ ಅಚ್ಚು ಹಾಕುತ್ತಿತ್ತು. ಶನಿವಾರದ ಬಸಲಿಂಗಪ್ಪ ಐತವಾರಕ್ಕೂ ಮುಂದುವರಿದದ್ದು ಹೀಗೆ.

"ನನಗೂ ಮೊದಲ ಹಂಗ ಆತ್ರಿ ಸರ್," ಎಂದ ಗುರುನಾಥ. "ಏಳು ಬಂದ್ರ ಸೊನ್ನಿ ಅಂತ ತಿಳಕೋ ಅಂತ ಪ್ರೋಗ್ರಾಮಿನ್ಯಾಗ ಒಂದು ಸಾಲು ಸೇರಿಸಿದೆ."

"ಆ ಸಾಲನ್ನೂ ಫ್ಲಾಪಿಗೆ ಹಾಕಬೇಕಿತ್ತಲ್ಲೋ."

"ಅದು ನಂದು ಸರ್, ನಮ್ಮನಿ ರಿಪೇರಿ. ಅದನ್ನ್ಯಾಕ ಮಂದಿಗೆ ಕೊಡ್ಲಿ? ಚೊಲೋದಷ್ಟ ಕೊಟ್ಟೆ."

ಶುಕ್ರವಾರದ ಸಭೆ ಸಿಂದಗಿ ಕಚೇರಿಯ ಅಂಗಳದಲ್ಲಿ. ನಮ್ಮ ಖಾಲಿ ಕಂಪ್ಯೂಟರನ್ನು ಜೀಪಿನಲ್ಲಿ ತಂದಿದ್ದೆ. ಸಂಗಮ್ಮನನ್ನು ದೂರ ಕೂರಿಸಿದೆ. ಬಸಲಿಂಗಪ್ಪನವರು ಆಕೆಯ ಹಿಂದೆ ರುಮಾಲು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಎಲ್ಲರೆದುರು ಮೊದಲು ಹಳೆಯ ಲೈಬ್ರರಿ ಹಾಕಿ ಬಿಲ್ಡ್ ಮಾಡಿದೆ. ಆಮೇಲೆ ಅದೊಂದನ್ನೇ ತೆಗೆದು, ಇಂಡಿಯಿಂದ ಬಂದದ್ದನ್ನು ಹಾಕಿ ಮತ್ತೆ ಮಾಡಿದೆ. ಎರಡೂ ಸಲ ಕೊನೆಯ ಗುಂಡಿ ಒತ್ತಿದವರು ಶಿವಪ್ಪನವರು. ಬೇರೆ ಯಾರು ಒತ್ತಿದ್ದರೂ ಅವರು ನಂಬುತ್ತಿರಲಿಲ್ಲ. ಮೊದಲ ಚೀಟಿಯಲ್ಲಿ ಐತವಾರ ಅವರ ಹೆಸರು ಬಂತು. ಎರಡನೆಯದರಲ್ಲಿ ಬಸಲಿಂಗಪ್ಪನವರದು.

ಶಿವಪ್ಪನವರು ಎರಡೂ ಕಾಗದಗಳನ್ನು ಬಿಸಿಲಿಗೆ ಹಿಡಿದು ನೋಡಿದರು. ಆಮೇಲೆ ಪಾಟೀಲರ ಕಡೆ ತಿರುಗಿದರು. "ಮಷಿನ್ನಿಗೆ ಬೀಗರಿಲ್ಲ ಅಂತಿದ್ರಿ ಗೌಡ್ರ. ಇದು ನೋಡಿದ್ರ ಬಸಲಿಂಗಪ್ಪನ ಮನ್ಯಾಗ ಸಂಬಂಧ ಬೆಳಸೈತಿ."

ಅಂಗಳವೆಲ್ಲ ನಕ್ಕಿತು, ಪಾಟೀಲರು ಕೂಡ. ಸಂಗಮ್ಮನ ನೌಕರಿ ಆ ನಗುವಿನಲ್ಲಿ ಉಳಿಯಿತು ಎಂದು ನಾನು ಅಂದುಕೊಂಡೆ. ಆದರೆ ಶಿವಪ್ಪನವರು ನಗಲಿಲ್ಲ. "ತಂಗೀದು ತಪ್ಪಿಲ್ಲ, ಒಪ್ಪಿದೆ. ಆದ್ರ ನೀರು ಯಾರ ಹೊಲಕ್ಕ ಹೋತು? ಅದನ್ನ ಹೇಳ್ರಿ."

ದೋಷ ಹುಡುಕುವುದು ನನ್ನ ಕೆಲಸ. ಹರಿದ ನೀರು ನನ್ನ ಇಲಾಖೆಯಲ್ಲ.

ಸಂಗಮ್ಮ ಕೂತಲ್ಲಿಂದಲೇ ಹೇಳಿದರು: "ನಮ್ಮ ಹೊಲಕ್ಕ ಹೋತ್ರಿ ಕಾಕಾ. ಬರೂ ಎರಡು ಶನಿವಾರದ ಪಾಳಿ ನಿಮಗ."

ಬಸಲಿಂಗಪ್ಪನವರು ತಲೆಯೆತ್ತಿದರು. "ಯಾರನ್ನ ಕೇಳಿ ಕೊಟ್ಟಿ?"

"ಕೇಳಬೇಕಾಗಿದ್ದು ಐತವಾರ ನೀವು ನೀರು ಬಿಟ್ಕೊಳ್ಳಾಗ್ರಿ ಮಾವಾರ. ಪಾಳಿ ಯಾರದು ಅನ್ನೂದು ಚೀಟಿ ನೋಡದನ ನಿಮಗ ಗೊತ್ತಿತ್ತು."

ಸಭೆಯಲ್ಲಿ ಮಾವನಿಗೆ ಹಾಗೆ ಹೇಳಿದ ಸೊಸೆಯನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಬಸಲಿಂಗಪ್ಪನವರು ರುಮಾಲು ಸುತ್ತಿಕೊಂಡು ಎದ್ದರು. ಹೋಗುತ್ತ, "ಹೂಂ, ಕೊಡು" ಎಂದರು. ಹಾಗೆಂದರೋ, ಬರೀ "ಹೂಂ" ಎಂದರೋ. ಆ ಎರಡು ಶನಿವಾರ ನೀರು ಶಿವಪ್ಪನವರ ಹೊಲಕ್ಕೆ ಹೋಯಿತು. ಪಾಳಿ ಬಿಟ್ಟುಕೊಡುವುದಕ್ಕೆ ಪ್ರೋಗ್ರಾಮಿನಲ್ಲಿ ಜಾಗವಿರಲಿಲ್ಲವಾದ್ದರಿಂದ ಆ ಎರಡು ಚೀಟಿಗಳನ್ನು ಸಂಗಮ್ಮ ಪೆನ್ನಿನಲ್ಲಿ ತಿದ್ದಿದರು. ಕೈಬರಹ ಬೇಡವೆಂದೇ ತಂದ ಯಂತ್ರದ ಚೀಟಿಯ ಮೇಲೆ ಕೈಬರಹ. ಯಾರೂ ತಕರಾರು ಮಾಡಲಿಲ್ಲ. ಉಳ್ಳಾಗಡ್ಡಿ ಅರ್ಧ ಉಳಿಯಿತೆಂದು ಕೇಳಿದೆ, ನೋಡಲು ಹೋಗಲಿಲ್ಲ.

ಆಮೇಲೆ ನಾನು ಒಂದು ಪೂರ್ತಿ ಸಿ.ಡಿ. ಮಾಡಿದೆ. ಪ್ರೋಗ್ರಾಂ, ಅದು ನೆಚ್ಚಿದ ಪ್ರತಿ ಲೈಬ್ರರಿಯ ಮೂಲ, ಆವೃತ್ತಿ, ಎಲ್ಲಿಂದ ಬಂತು, ಯಾರು ಏನು ತಿದ್ದಿದರು, ಎಲ್ಲ ಒಂದೇ ಕಡೆ. ಬಿಲ್ಡ್ ಮಾಡುವುದು ಇದರಿಂದ ಮಾತ್ರ ಎಂದು ನಾಲ್ಕೂ ಊರಿಗೆ ಆದೇಶ ಹೋಯಿತು. ಹಳೆಯ ಫ್ಲಾಪಿಗಳನ್ನೆಲ್ಲ ಅಳಿಸಿ, ಖಾಲಿ ಮಾಡಿ ಬಿಜಾಪುರಕ್ಕೆ ಕಳಿಸಬೇಕೆಂದೂ ಬರೆದೆ. ಆದೇಶ ಎಷ್ಟು ಬಾಳಿತು ಎಂದು ಕೇಳಬೇಡಿ. ಮುಂದಿನ ಹಂಗಾಮಿನಲ್ಲೇ ಮುದ್ದೇಬಿಹಾಳದ ಕಂಪ್ಯೂಟರಿನಲ್ಲಿ ಯಾರೋ ಪ್ರೀತಿಯಿಂದ ಕೊಟ್ಟ ಲೈಬ್ರರಿಯೊಂದು ಸಿಕ್ಕಿತು. ತೆಗೆದೆ. ಮತ್ತೊಂದು ಸಿಕ್ಕಿತು. ಅದನ್ನೂ ತೆಗೆದೆ. ನಿವೃತ್ತಿಯವರೆಗೆ ನಾನು ಮಾಡಿದ್ದು ಹೆಚ್ಚುಕಡಿಮೆ ಅದನ್ನೇ. ಕೇಳಿ ತಂದದ್ದರ ಮೇಲೆ ಎಲ್ಲರಿಗೂ ಕಣ್ಣಿರುತ್ತದೆ. ಕೇಳದೆ ಒಳಗೆ ಬಂದದ್ದರ ಮೇಲೆಯೇ ಮನೆ ನಿಂತಿರುತ್ತದೆ ಎಂಬುದನ್ನು ಆ ಕೆಲಸ ನನಗೆ ಕಲಿಸಿತು. ಬಂದದ್ದನ್ನೂ ಹೋದದ್ದನ್ನೂ ಬರೆದಿಡಬೇಕು.

ಸಂಗಮ್ಮ ತಮ್ಮ ಪಾಲಿನ ಫ್ಲಾಪಿಗಳನ್ನು ಒಂದು ಸ್ಟೀಲ್ ಡಬ್ಬಿಯ ಮೇಲೆ ಕಟ್ಟಿ ಕಂಡಕ್ಟರ್ ಕೈಯಲ್ಲಿ ಕಳಿಸಿದರು. ಒಂದೊಂದನ್ನೇ ಹಾಕಿ ನೋಡಿದೆ. ಆದೇಶದಂತೆ ಎಲ್ಲವೂ ಖಾಲಿ. ಡಬ್ಬಿಯಲ್ಲಿ ಶೇಂಗಾ ಹೋಳಿಗೆ ಇದ್ದವು. ಆ ಡಬ್ಬಿಯನ್ನು ವಾಪಸು ಕಳಿಸಿದ್ದು ನೆನಪಿದೆ. ಒಳಗೆ ಏನಾದರೂ ಹಾಕಿದೆನೇ ಎಂಬುದು ನೆನಪಿಲ್ಲ. ಎಲ್ಲೂ ಬರೆದಿಟ್ಟೂ ಇಲ್ಲ.